ಬೆಳಗಿನ ಕಾಲು, ಸಂಜೆಯ ಕಾಲು

2022ರಲ್ಲಿ ದಾವಣಗೆರೆಯ ವಿದ್ಯಾನಗರದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹದಿನೈದು ವರ್ಷ ತುಂಬಿತ್ತು. ಬೆನ್ನುನೋವು, ಮಂಡಿನೋವಿನವರೇ ಹೆಚ್ಚಾಗಿ ಬರುತ್ತಿದ್ದರು. ಆ ವರ್ಷ ಒಂದು ನರ್ಸಿಂಗ್ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡವನ್ನೂ ನೋಡಿಕೊಳ್ಳಲು ಒಪ್ಪಿಕೊಂಡೆ. ತಂಡದ ಕೋಚ್ ಬಸವರಾಜ್ ಮೊದಲು ಕರೆತಂದ ಆಟಗಾರ್ತಿಯೇ ರುಬೀನಾ.

ರುಬೀನಾ ಹರಿಹರದವಳು, ಮೂರನೇ ವರ್ಷದ ವಿದ್ಯಾರ್ಥಿನಿ, ತಂಡದ ಅತಿ ವೇಗದ ಫಾರ್ವರ್ಡ್. ಒಂದು ಪಂದ್ಯದ ಕೊನೆಯಲ್ಲಿ ಓಡುವಾಗ ಅವಳ ಬಲತೊಡೆಯ ಹಿಂಭಾಗದ ಸ್ನಾಯು, ನಾವು ಹ್ಯಾಮ್‌ಸ್ಟ್ರಿಂಗ್ ಎನ್ನುವುದು, ಸ್ವಲ್ಪ ಹರಿದಿತ್ತು. ನಾಲ್ಕು ವಾರ ಚಿಕಿತ್ಸೆ ಕೊಟ್ಟು ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆ ಮಾಡಿದೆ. ಅಂಗಾತ ಮಲಗಿ, ಒಂದು ಹಿಮ್ಮಡಿಯನ್ನು ಸ್ಟೂಲಿನ ಮೇಲಿಟ್ಟು, ಆ ಕಾಲಿನ ಬಲದಿಂದಲೇ ಸೊಂಟ ಎತ್ತಿ ಇಳಿಸಬೇಕು. ಎಡಗಾಲಿನಲ್ಲಿ ಇಪ್ಪತ್ತೇಳು ಸಲ ಎತ್ತಿದಳು, ಬಲಗಾಲಿನಲ್ಲಿ ಇಪ್ಪತ್ತಾರು. ನಾನು ನಿಶ್ಚಿಂತೆಯಿಂದ ‘ಫಿಟ್’ ಎಂದು ಬರೆದುಕೊಟ್ಟೆ.

ಒಂಬತ್ತನೇ ದಿನ ಅವಳು ಮತ್ತೆ ಕುಂಟುತ್ತ ಬಂದಳು. ಅದೇ ಕಾಲು, ಅದೇ ಜಾಗ. ಬಸವರಾಜ್ ಸಿಟ್ಟು ಮಾಡಲಿಲ್ಲ. “ಮೇಡಂ, ನೀವು ಫಿಟ್ ಅಂತ ಬರದು ಕೊಟ್ಟಿದ್ರಿ” ಎಂದಷ್ಟೇ ಹೇಳಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸ್ನಾಯುವಿಗೆ ಶಕ್ತಿ ಸಾಲದು ಎಂದುಕೊಂಡ ನಾನು ವ್ಯಾಯಾಮ ಹೆಚ್ಚಿಸಿದೆ. ಹರಿದದ್ದು ಕೂಡಿಕೊಂಡ ಮೇಲೆ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಮಾಡಬೇಕೆಂದು ಪಟ್ಟಿ ಬರೆದುಕೊಟ್ಟೆ. ಅವಳು ಒಂದನ್ನೂ ತಪ್ಪಿಸಲಿಲ್ಲ. ಆದರೂ ಎರಡು ವಾರದಲ್ಲಿ ತೊಡೆಯ ಬಿಗಿತ ಜಾಸ್ತಿಯೇ ಆಯಿತು. ಅವಳ ಫೈಲನ್ನು ಮತ್ತೆ ತೆರೆದು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಎರಡೂ ಸಲ ಪೆಟ್ಟಾಗಿದ್ದು ಪಂದ್ಯದ ಕೊನೆಯ ಹತ್ತು ನಿಮಿಷಗಳಲ್ಲಿ. ನಾನು ಮಾತ್ರ ಅವಳ ಕಾಲನ್ನು ಪ್ರತಿ ಸಲವೂ ರಜಾದಿನದ ಬೆಳಿಗ್ಗೆ, ನಿದ್ದೆ ಮುಗಿಸಿ ಬಂದಾಗ ನೋಡಿದ್ದೆ.

ಮರುದಿನ ಸಂಜೆ ಮೈದಾನಕ್ಕೇ ಹೋದೆ. ಪ್ರಾಕ್ಟೀಸ್ ಮುಗಿದ ಕೂಡಲೇ ಅದೇ ಪರೀಕ್ಷೆಯನ್ನು ಹುಲ್ಲಿನ ಮೇಲೆ ಮಾಡಿಸಿದೆ. ಎಡಗಾಲು ಇಪ್ಪತ್ತೆರಡಕ್ಕೆ ನಿಂತಿತು. ಬಲಗಾಲು ಹದಿಮೂರಕ್ಕೇ ನಡುಗತೊಡಗಿತು. ಜಿಗಿದು ಇಳಿಯಲು ಹೇಳಿದೆ. ಕ್ಲಿನಿಕ್ಕಿನಲ್ಲಿ ಸದ್ದಿಲ್ಲದೆ ಇಳಿಯುತ್ತಿದ್ದ ಪಾದ ಇಲ್ಲಿ ದಪ್ಪನೆ ಬೀಳುತ್ತಿತ್ತು, ಮಂಡಿ ಒಳಕ್ಕೆ ವಾಲುತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಂಡು, ಬೆಳಿಗ್ಗೆಯಿಂದ ಏನೇನು ಮಾಡಿದೆ ಎಂದು ವಿಚಾರಿಸಿದೆ.

“ಐದಕ್ಕೆ ಏಳ್ತೀನಿ ಮೇಡಂ. ನೀವು ಹೇಳಿದ ಎಕ್ಸರ್‌ಸೈಜ್ ಮುಗಿಸಿ ಹರಿಹರದಾಗೆ ಬಸ್ ಹತ್ತಿದ್ರೆ ದಾವಣಗೆರೆ ಹತ್ರದ ಬಾತಿ ದಾಟಿದ್ರೂ ಸೀಟ್ ಸಿಗಲ್ಲ. ಎಂಟರಿಂದ ಎರಡರ ತನಕ ವಾರ್ಡ್‌ನಾಗೆ ನಿಂತೇ ಇರ್ತೀವಿ. ನಾಲ್ಕಕ್ಕೆ ಪ್ರಾಕ್ಟೀಸ್.”

“ಇದನ್ನ ಮೊದ್ಲೇ ಯಾಕ ಹೇಳ್ಲಿಲ್ಲಮ್ಮ?”

“ನೀವು ಕೇಳ್ಲಿಲ್ವಲ್ರಿ.”

ಓಡುವಾಗ ಮುಂದಕ್ಕೆ ಚಿಮ್ಮುವ ಕಾಲಿಗೆ ಬ್ರೇಕ್ ಹಾಕುವುದು ಈ ಹ್ಯಾಮ್‌ಸ್ಟ್ರಿಂಗ್. ದಣಿದಾಗ ಅದರ ಹಿಡಿತ ಸಡಿಲವಾಗುತ್ತದೆ, ಹರಿಯುವ ಅಪಾಯ ಹೆಚ್ಚುತ್ತದೆ. ಇದನ್ನು ಓದಿ ಪಾಸಾದವಳೇ ನಾನು. ಆದರೂ ದಣಿದ ಕಾಲಿಗೆ ಔಷಧಿ ಎಂದು ಇನ್ನಷ್ಟು ದಣಿವನ್ನೇ ಬರೆದುಕೊಟ್ಟಿದ್ದೆ.

ವ್ಯಾಯಾಮವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದೆ. ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ ಕಾಲು ಚಾಚಿ ಮಲಗಲೇಬೇಕು ಎಂದೆ. ಒಂದು ನೋಟ್‌ಬುಕ್ ಕೊಟ್ಟು, ಎಷ್ಟು ತಾಸು ನಿದ್ದೆ, ಎಷ್ಟು ತಾಸು ನಿಂತದ್ದು, ಹತ್ತು ಅಂಕಕ್ಕೆ ದಣಿವು ಎಷ್ಟು ಎಂದು ದಿನವೂ ಬರೆಯಲು ಹೇಳಿದೆ. ದಣಿವು ಏಳು ದಾಟಿದ ದಿನ ಅವಳಿಗೆ ಅರ್ಧ ಪ್ರಾಕ್ಟೀಸ್. ಬಸವರಾಜ್ ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ಪಾದ ಸದ್ದು ಮಾಡತೊಡಗಿದರೆ ಅದೇ ಎಚ್ಚರಿಕೆ ಎಂದು ರುಬೀನಾಗೆ ಕಲಿಸಿದೆ.

ಎರಡು ತಿಂಗಳ ನಂತರ ಹರಿಹರದಲ್ಲಿ ಟೂರ್ನಿಯ ಫೈನಲ್. ಮೂವತ್ತೈದು ನಿಮಿಷದ ಎರಡು ಅವಧಿ. ಇಪ್ಪತ್ತನೇ ನಿಮಿಷದಲ್ಲಿ ರುಬೀನಾಳೇ ಗೋಲು ಹೊಡೆದಳು. ಅವಳೂರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಐವತ್ತೈದನೇ ನಿಮಿಷಕ್ಕೆ ಅವಳ ಓಟ ಬದಲಾಯಿತು. ಹೆಜ್ಜೆ ಗಿಡ್ಡವಾಗಿ, ಸೊಂಟ ಕುಸಿದಿತ್ತು. ಹೊರಗೆ ಕರೆಯುವುದು ಒಳ್ಳೆಯದು ಎಂದು ಕೋಚ್‌ಗೆ ಹೇಳಿದೆ.

“ಇನ್ನ ಹದಿನೈದೇ ನಿಮಿಷ ಐತ್ರಿ ಮೇಡಂ. ಈಗ ಬ್ಯಾಡ” ಎಂದರು ಅವರು, ಮೈದಾನದಿಂದ ಕಣ್ಣು ತೆಗೆಯದೆ.

ಮೂರು ನಿಮಿಷದ ಬಳಿಕ ರುಬೀನಾ ತಾನಾಗಿಯೇ ಕೈ ಎತ್ತಿದಳು. ಬಸವರಾಜ್ ಬದಲಿ ಆಟಗಾರ್ತಿಯನ್ನು ಕಳಿಸಿದರು. ರುಬೀನಾ ಕುಂಟದೆ ನಡೆದು ಬಂದು ನನ್ನ ಪಕ್ಕ ಕೂತಳು. ಕೊನೆಯಲ್ಲಿ ಎದುರಾಳಿಗಳು ಗೋಲು ಸಮ ಮಾಡಿದರು. ಪೆನಾಲ್ಟಿ ಒದೆತಗಳಲ್ಲಿ ನಾವು ಸೋತೆವು. ಹೊರಗೆ ಬಂದ ಆಟಗಾರ್ತಿ ಪೆನಾಲ್ಟಿ ಹೊಡೆಯುವಂತಿಲ್ಲ. ರುಬೀನಾ ಕಣ್ಣು ಒರೆಸಿಕೊಳ್ಳುತ್ತ, “ನಾನು ತಪ್ಪು ಮಾಡಿದ್ನಾ ಮೇಡಂ?” ಎಂದು ಕೇಳಿದಳು.

ನಾನು ಅವಳ ತೊಡೆಯನ್ನು ಒತ್ತಿ ನೋಡಿದೆ. ನೋವಿರಲಿಲ್ಲ. “ನಾಳೆ ಎಂಟಕ್ಕೆ ವಾರ್ಡಿಗೆ ನಿನ್ನ ಕಾಲ ಮೇಲೆ ನೀನೇ ನಡ್ಕೊಂಡು ಹೋಗ್ತೀಯ. ತಪ್ಪು ಹೆಂಗೆ ಆಗುತ್ತೆ?” ಎಂದೆ.

ಹತ್ತು ದಿನ ಬಸವರಾಜ್ ನನ್ನ ಜೊತೆ ಮಾತಾಡಲಿಲ್ಲ. ಹನ್ನೊಂದನೇ ದಿನ ಕ್ಲಿನಿಕ್ಕಿಗೆ ಬಂದು ಕೂತು, “ಆ ನೋಟ್‌ಬುಕ್ ಉಳಿದ ಹುಡುಗೇರಿಗೂ ಮಾಡಿಕೊಡ್ರಿ. ಇಬ್ರು ನೋವು ಮುಚ್ಚಿಟ್ಕೊಂಡೇ ಆಡ್ತಿದ್ರಂತೆ” ಎಂದರು. ಅವತ್ತು ನಾವಿಬ್ಬರೂ ಕೂತು ಕುಡಿದ ಚಹಾದ ರುಚಿ ನನಗೆ ಈಗಲೂ ನೆನಪಿದೆ.

ಮುಂದಿನ ವರ್ಷ ರುಬೀನಾ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ಈಗ ಹರಿಹರದಲ್ಲೇ ಸ್ಟಾಫ್ ನರ್ಸ್. ಭಾನುವಾರ ಆಡುತ್ತಾಳೆ, ಆಗಾಗ ಫೋಟೋ ಕಳಿಸುತ್ತಾಳೆ. ಸ್ನಾಯು ಹರಿಯಲು ದಣಿವೊಂದೇ ಕಾರಣವಲ್ಲ, ನಿಜ. ಆದರೆ ಅಂದಿನಿಂದ ಯಾವ ಆಟಗಾರರಿಗೂ ಸಂಜೆಯ ಕಾಲನ್ನು ನೋಡದೆ ನಾನು ‘ಫಿಟ್’ ಎಂದು ಬರೆದಿಲ್ಲ. ಪೆಟ್ಟು ಎಲ್ಲಿ ಬಿದ್ದಿದೆ ಎಂದು ನನ್ನ ಬೆರಳು ಕಂಡುಹಿಡಿಯಬಲ್ಲದು. ಯಾಕೆ ಬಿತ್ತು ಎಂದು ತಿಳಿಯಲು, ಅವರ ಇಡೀ ದಿನ ಹೇಗೆ ಕಳೆಯಿತು ಎಂದು ಕೂತು ಕೇಳಬೇಕು.