ಶಾಲು ಹೊದಿಸುವ ಸಮಯ

ಕಳೆದ ಜನವರಿಯಲ್ಲಿ ಸವದತ್ತಿ ತಾಲೂಕಿನ ಶಾಲೆಯೊಂದರಲ್ಲಿ ಅತಿಥಿಗೆಂದು ತಂದ ಶಾಲು ಅಧ್ಯಕ್ಷರ ಹೆಗಲೇರಿತು. ಹೊದಿಸಿದವರು ಬೈಲಹೊಂಗಲದ ಸಂಸ್ಥೆಯೊಂದರ ಸಂಯೋಜಕಿ. ನರಮೇಧಗಳಿಂದ ಪಾರಾದವರ ಮಕ್ಕಳನ್ನು, ಮೊಮ್ಮಕ್ಕಳನ್ನು ಶಾಲೆಗಳಿಗೆ ಕರೆತಂದು ಮಾತಾಡಿಸುವುದು ಅವರ ಕೆಲಸ. ಕೈಗಡಿಯಾರವನ್ನು ಬೆರಳಿನಿಂದ ಬಡಿಯುತ್ತ ಎಲ್ಲ ಕಡೆ ಒಂದೇ ಮಾತು ಹೇಳುತ್ತಿದ್ದರು: "ಶಾಲು ಆಮ್ಯಾಲ ಹಾಕ್ರಿ, ಮೊದಲ ಮಾತು ಕೇಳ್ರಿ." ಯಾರೂ ಕೇಳುತ್ತಿರಲಿಲ್ಲ.

ಅಂದಿನ ಅತಿಥಿ ಸಿಂಧನೂರಿನ ತರುಣಿ. ಅವಳ ಅಜ್ಜಿ ಪೂರ್ವ ಬಂಗಾಳದ ನರಮೇಧದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು ಸಿಂಧನೂರಿನ ನಿರಾಶ್ರಿತರ ಶಿಬಿರಕ್ಕೆ ಬಂದವರು. ಶಾಲಾ ಸಮಿತಿಯ ಅಧ್ಯಕ್ಷರು ತಮ್ಮ ಹುಟ್ಟಿನಿಂದ ಭಾಷಣ ಆರಂಭಿಸಿ, ಮುಕ್ಕಾಲು ಗಂಟೆಯಲ್ಲಿ ಮೆಟ್ರಿಕ್‌ವರೆಗೆ ಬಂದಿದ್ದರು. ಮಕ್ಕಳ ಬಸ್ಸು ನಾಲ್ಕೂವರೆಗೆ; ಆಗಲೇ ನಾಲ್ಕಾಗಿತ್ತು.

"ಅಕ್ಕಾರ, ಕಿತ್ತೂರಾಗೂ ಬರೇ ಶಾಲು ಹೊಚ್ಚಿ ಕಳಿಸಿದ್ರು. ಅಜ್ಜಿ ಸುದ್ದಿ ಇವತ್ತೂ ಹೇಳಂಗಿಲ್ಲೇನ್ರಿ?" ಎಂದು ತರುಣಿ ಸಂಯೋಜಕಿಯನ್ನು ಕೇಳಿದಳು, ಪತ್ರಿಕೆಯ ವರದಿಗೆಂದು ಹಿಂದೆ ಕುಳಿತಿದ್ದ ನನಗೂ ಕೇಳುವಂತೆ.

ಸಂಯೋಜಕಿ ಎದ್ದು ಹೋಗಿ, ಇನ್ನೂ ಮಾತಾಡುತ್ತಿದ್ದ ಅಧ್ಯಕ್ಷರಿಗೆ ಶಾಲು ಹೊದಿಸಿದರು.

"ಭಾರಿ ಮಾತಾಡಿದ್ರಿ ಸಾಹೇಬ್ರ. ಏ ಹುಡುಗೂರ್ಯಾ, ಚಪ್ಪಾಳಿ ಬಡೀರಿ!"

ಚಪ್ಪಾಳೆ ಬಿತ್ತು. ಅಧ್ಯಕ್ಷರು ಕೈಮುಗಿದು ಕುಳಿತರು. ತರುಣಿ ಮಾತು ಆರಂಭಿಸಿದಳು. ನಾಲ್ಕೂವರೆಗೆ ಬಸ್ಸು ಹಾರ್ನ್ ಹೊಡೆದಾಗ, "ಸ್ವಲ್ಪ ತಡಿ ಅನ್ರಿ ಅವಂಗ" ಎಂದವರು ಅಧ್ಯಕ್ಷರೇ.

ರಾಮದುರ್ಗದ ಮುಂದಿನ ಕಾರ್ಯಕ್ರಮಕ್ಕೆ ಸಂಯೋಜಕಿ ಎರಡು ಶಾಲು ಒಯ್ದರು.