ಮಾಸ್ಟ್ರ ಚಪ್ಪಲಿಯ ಸ್ಥಾನ

ನನ್ನ ಮನೆಯ ಮೇಲೆ ಬಂದ ದೂರನ್ನು ನಾನೇ ತಿದ್ದಿದವನು. ಬೇರೆ ಉಪಸಂಪಾದಕರಿಗೆ ಈ ಭಾಗ್ಯ ಬಂದದ್ದುಂಟೋ ಇಲ್ಲವೋ ತಿಳಿಯದು.

ಎಂಬತ್ತರ ದಶಕದ ಮೊದಲ ವರ್ಷಗಳು. ಉಡುಪಿಯ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಓದುಗರ ಪತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಉರಿಯದ ಬೀದಿದೀಪ, ನಿಲ್ಲದ ಬಸ್ಸು, ಮುಚ್ಚದ ಹೊಂಡ ಇವೇ ನನ್ನ ದಿನದ ಅನ್ನ. ಒಂದು ಬೆಳಿಗ್ಗೆ ಲಕೋಟೆ ಒಡೆದರೆ ‘ಕಟಪಾಡಿಯಲ್ಲಿ ಒಂದು ಉಪದ್ರವ’ ಎಂಬ ತಲೆಬರಹ. ಅಕ್ಷರ ದುಂಡು, ಸಾಲು ನೇರ. ಬರೆದವರು ನಮ್ಮ ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ಟರ್ ವಾಸುದೇವ ಮಾಸ್ಟ್ರು. ಉಪದ್ರವ ನನ್ನ ಮಗ. ‘ಇದು ಅಚ್ಚಾದ ಬಳಿಕ ಪ್ರತಿಯನ್ನು ಶಿರ್ವದಲ್ಲಿರುವ ಮನೆಯ ಧನಿಗಳಿಗೂ ಕಳಿಸಲಾಗುವುದು’ ಎಂಬ ಕೊನೆಯ ಸಾಲನ್ನು ಮಾತ್ರ ನಾನು ಎರಡು ಸಲ ಓದಿದೆ. ನಾವು ಬಾಡಿಗೆಯವರು.

ಮಗ ಸದಾನಂದನಿಗೆ ಆಗ ಇಪ್ಪತ್ತನಾಲ್ಕು. ಮಾತು ಕಡಿಮೆ, ಕ್ರಮ ಜಾಸ್ತಿ. ಮಣಿಪಾಲದ ಡಾಕ್ಟರು ಇದಕ್ಕೆ ಆಟಿಸಂ ಎಂದರು. ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. “ಪತ್ರಿಕೆಯವರು ನೀವು, ನನ್ನನ್ನು ಕೇಳ್ತೀರಲ್ಲ!” ಎಂದರು. ಚಪ್ಪಲಿ ಅಡ್ಡಾದಿಡ್ಡಿ ಬಿದ್ದದ್ದನ್ನು ಸದಾನಂದ ನೋಡಲಾರ. ಜೋಡಿ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟರೇ ಅವನಿಗೆ ನೆಮ್ಮದಿ. ನಮ್ಮ ಮನೆಯಲ್ಲಿ ಇದ್ದದ್ದು ಮೂರೇ ಜೊತೆ. ಕೆಲಸ ಸಾಲದೆ ಮಾಸ್ಟ್ರ ಮೆಟ್ಟಿಲಿಗೂ ಹೋಗುತ್ತಿದ್ದ.

ಇದಕ್ಕೂ ಮೊದಲು ಕಾರ್ಕಳದಲ್ಲಿ ಒಂದು, ಕಾಪುವಿನಲ್ಲಿ ಒಂದು ಮನೆ ಬಿಟ್ಟಿದ್ದೆವು. ಎರಡು ಸಲವೂ ಅವನು ಹೊಸ ಮನೆಯಲ್ಲಿ ಸರಿಯಾಗಿ ಉಣ್ಣದೆ ತಿಂಗಳುಗಟ್ಟಲೆ ಗೋಡೆಗೆ ಮುಖಮಾಡಿ ಕೂತಿದ್ದ. ಮೂರನೆಯ ಸಲಕ್ಕೆ ನಮ್ಮಲ್ಲಿ ಧೈರ್ಯ ಉಳಿದಿರಲಿಲ್ಲ.

ಪತ್ರವನ್ನು ನನ್ನ ಹೆಂಡತಿ ಲಲಿತಾಳಿಗೆ ತೋರಿಸಿದೆ.

“ನಿಮ್ಮ ಆಫೀಸಿನಲ್ಲಿ ಕಸದ ಬುಟ್ಟಿ ಇಲ್ವಾ?” ಎಂದಳು.

ಇತ್ತು. ಆದರೆ ವ್ಯಕ್ತಿಯ ಮೇಲೆ ದೂರು ಬಂದರೆ ಬರೆದವರನ್ನು ಕಂಡು ಸಂಗತಿ ಖಚಿತಪಡಿಸಿಕೊಳ್ಳಬೇಕು ಎಂಬ ನಿಯಮವೂ ಇತ್ತು. ಅದನ್ನು ಮಾಡಿದವನೂ ನಾನೇ. ಸಂಜೆ ನೋಟ್‌ಬುಕ್ಕು, ಪೆನ್ನು ಹಿಡಿದು ಹೊರಟೆ.

“ಪತ್ರಿಕೆಯಿಂದ ಬಂದಿದ್ದೇನೆ” ಎಂದೆ.

“ಪಕ್ಕದಿಂದ ಬಂದದ್ದು ಕಾಣ್ತದೆ” ಎಂದರು ಮಾಸ್ಟ್ರು.

“ಚಪ್ಪಲಿಗಳನ್ನು ಚೆಲ್ಲಾಪಿಲ್ಲಿ ಮಾಡುತ್ತಾನೆ ಎಂದು ಬರೆದಿದ್ದೀರಿ. ಹೌದಾ ಮಾಸ್ಟ್ರೆ?”

ಮಾಸ್ಟ್ರು ಸಿಟ್ಟಿನವರು, ಸುಳ್ಳಿನವರಲ್ಲ. “ಚೆಲ್ಲಾಪಿಲ್ಲಿ ಅಂತ ಅಲ್ಲ. ಸಾಲಾಗಿ ಇಡ್ತಾನೆ.”

ತಿದ್ದಿದೆ. ತಿದ್ದಿದ್ದನ್ನು ಓದಿ ಹೇಳುವುದೂ ನಿಯಮ. “ಪಕ್ಕದ ಮನೆಯ ಯುವಕನು ನಮ್ಮಲ್ಲಿಗೆ ಬಂದವರ ಚಪ್ಪಲಿಗಳನ್ನು ಜೋಡಿಯಾಗಿ, ಸಾಲಾಗಿ ಇಟ್ಟು ಹೋಗುತ್ತಿದ್ದಾನೆ. ಸಂಬಂಧಪಟ್ಟವರು ಕೂಡಲೇ ಇದನ್ನು ತಡೆಯಬೇಕು.”

ಒಳಗಿನಿಂದ ಮಾಸ್ಟ್ರ ಹೆಂಡತಿ ಸುಮತಿಯಮ್ಮನ ಸ್ವರ ಬಂತು: “ಹಾಗೆಯೇ ಹಾಕಿ ಮಾರಾಯ್ರೆ, ಊರಿನವರಿಗೂ ಸ್ವಲ್ಪ ನಗು ಬೇಕಲ್ಲ!”

ಮಾಸ್ಟ್ರ ಮುಖ ಕೆಂಪಾಯಿತು. “ಸಾಲಾಗಿ ಇಡ್ಲಿ, ಬೇಡ ಅನ್ನುವುದಿಲ್ಲ. ಅಳತೆ ನೋಡಿ ಯಾಕೆ ಇಡ್ಬೇಕು? ಮೊನ್ನೆ ನಮ್ಮ ಪೂಜೆಯ ದಿನ ನಲ್ವತ್ತು ಜನ ಬಂದಿದ್ರು. ನನ್ನ ಚಪ್ಪಲಿ ಎಲ್ಲಿ ಇತ್ತು ಗೊತ್ತುಂಟಾ? ಮಕ್ಕಳ ಚಪ್ಪಲಿಯ ಹತ್ತಿರ! ನನ್ನ ಹಳೆ ವಿದ್ಯಾರ್ಥಿಗಳು ನೋಡಿ ನಕ್ಕರು.”

ಉಪದ್ರವದ ಮೂಲ ಆಗ ತಿಳಿಯಿತು. ಆರು ವರ್ಷದ ನೆರೆಹೊರೆಯಲ್ಲಿ ಮೊದಲ ಸಲ ನಾನು ಅವರ ಪಾದಗಳನ್ನು ನೋಡಿದೆ. ವಿವರಕ್ಕೆ ಹೋಗುವುದಿಲ್ಲ.

ಪತ್ರಿಕೆಯಲ್ಲಿ ಪುಟ ಕಟ್ಟುವಾಗ ನಾವೂ ಅಳತೆಯನ್ನೇ ಹಿಡಿಯುತ್ತೇವೆ. ದೊಡ್ಡವರಿಗೆ ದೊಡ್ಡ ಅಚ್ಚು, ಮೇಲಿನ ಸ್ಥಾನ. ಆದರೆ ದೊಡ್ಡವರು ಯಾರೆಂದು ಮೊದಲೇ ವಿಚಾರಿಸಿಕೊಂಡಿರುತ್ತೇವೆ. ಸದಾನಂದ ವಿಚಾರಿಸುವುದಿಲ್ಲ. ಆ ದಿನ ಅವನ ಸಾಲಿನಲ್ಲಿ ಮೊದಲು ಇದ್ದದ್ದು ತೆಂಗಿನಕಾಯಿ ತೆಗೆಯುವ ಕೊರಗಪ್ಪಣ್ಣನ ಚಪ್ಪಲಿ. ಪಂಚಾಯತಿನ ಅಧ್ಯಕ್ಷರದ್ದು ಹನ್ನೊಂದನೆಯದು. ಇಷ್ಟು ನಿಷ್ಪಕ್ಷಪಾತಿಯನ್ನು ಯಾವ ಪತ್ರಿಕೆಯೂ ಇಟ್ಟುಕೊಳ್ಳಲಾರದು.

“ಅವನ ಕ್ರಮ ಬದಲಿಸುವುದು ನನ್ನ ಕೈಯಲ್ಲಿ ಇಲ್ಲ ಮಾಸ್ಟ್ರೆ. ತಿದ್ದಿದ ಪತ್ರಕ್ಕೆ ಸಹಿ ಹಾಕಿದರೆ ನಾಡಿದ್ದು ಅಚ್ಚಾಗುತ್ತದೆ” ಎಂದೆ. ನನ್ನ ಸ್ವರ ಗಟ್ಟಿಯಾಗಿಯೇ ಇತ್ತು. ಪತ್ರವನ್ನೂ ಪೆನ್ನನ್ನೂ ಅವರ ಮುಂದೆ ಹಿಡಿದೆ.

ಮಾಸ್ಟ್ರು ಪತ್ರವನ್ನು ಮತ್ತೊಮ್ಮೆ ಓದಿದರು, ಮಡಚಿದರು, ಕಿಸೆಗೆ ಹಾಕಿದರು. “ಆಲೋಚನೆ ಮಾಡ್ತೇನೆ” ಎಂದರು.

ಹದಿನೈದು ದಿನ ಕಳೆಯಿತು. ಪತ್ರ ಬರಲಿಲ್ಲ, ಶಿರ್ವದ ಧನಿಗಳೂ ಬರಲಿಲ್ಲ. ಮಾಸ್ಟ್ರ ಮನೆಯಲ್ಲಿ ಭಜನೆ ಇತ್ತು. ನಾನು ಅಡ್ಡಗೋಡೆಯಾಚೆ ಇಣುಕಿದೆ. ಸದಾನಂದ ಹೊಚ್ಚ ಹೊಸ ಹವಾಯಿ ಚಪ್ಪಲಿಯೊಂದನ್ನು ಎತ್ತಿ, ಇನ್ನೊಂದರ ಬೆನ್ನಿಗೆ ಹಿಡಿದು ನೋಡಿ, ಸಾಲಿನಲ್ಲಿ ಮೂರನೆಯದಾಗಿ ಇಟ್ಟ. ಕೊರಗಪ್ಪಣ್ಣನದಕ್ಕಿಂತ ಒಂದಿಷ್ಟೇ ಚಿಕ್ಕದು. ಭಜನೆ ಮುಗಿದಾಗ ಅದರೊಳಗೆ ಕಾಲು ತೂರಿಸಿದವರು ಮಾಸ್ಟ್ರು. ಹಿಂದುಗಡೆ ನಾಲ್ಕು ಬೆರಳು ಜಾಗ ಖಾಲಿ ಇತ್ತು. ಒಳಗಿನ ಪಾದ ಸದಾನಂದನ ವಿಷಯವಲ್ಲ.

ಅಂದಿನಿಂದ ಬೆಳಗ್ಗೆ ಐದೂವರೆಗೆ ಮಾಸ್ಟ್ರು ಹೂ ಕೊಯ್ಯಲು ಅಂಗಳಕ್ಕೆ ಇಳಿದರೆ ಟಪ್ ಟಪ್ ಎಂಬ ಸದ್ದು ನಮ್ಮ ದಿಂಬಿನವರೆಗೆ ಬರುತ್ತಿತ್ತು.

“ನೀವೂ ಒಂದು ಪತ್ರ ಬರೀರಿ” ಎಂದಳು ಲಲಿತಾ, ಕಣ್ಣು ಮುಚ್ಚಿಕೊಂಡೇ.

ನಾನು ಬರೆಯಲಿಲ್ಲ. ಅದೇ ಮನೆಯಲ್ಲಿ ಇನ್ನೂ ಏಳು ವರ್ಷ, ನಾವು ಮೂವರೂ ಆ ಸದ್ದಿಗೇ ಎದ್ದೆವು.