ಬನ್ನಿ ಮರದ ಎಳೆಗಾಯಿ

ಕಾದ ಎಣ್ಣೆಯಲ್ಲಿ ಇಂಗು ಅರಳುವ ವಾಸನೆ, ಅದರ ಬೆನ್ನಿಗೇ ಹುಳಿ ಮಜ್ಜಿಗೆಯದು, ಕೊನೆಗೆ ಒಣಹುಲ್ಲನ್ನು ನೀರಲ್ಲಿ ನೆನೆಹಾಕಿದಂಥ ಇನ್ನೊಂದು. ಈ ಮೂರನೆಯದರ ಹೆಸರು ನನಗೆ ಗೊತ್ತಿರಲಿಲ್ಲ. ಬನಹಟ್ಟಿಯ ಬಟ್ಟೆ ಅಂಗಡಿಗಳ ಓಣಿಯಲ್ಲಿ ಸಾಲೆಗೆ ಹೋಗುವಾಗ ಮಾರವಾಡಿಗಳ ಮನೆಯ ಮುಂದೆ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಅರವತ್ತು ವರ್ಷಗಳ ನಂತರ ಅದೇ ವಾಸನೆ ಅದೇ ಓಣಿಯಲ್ಲಿ, ಬೆಳಗಿನ ಐದೂವರೆಗೆ, ನನ್ನನ್ನು ಒಂದು ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದೆ.

ಒಳಗೆ ಒಲೆಯ ಮುಂದೆ ಅನಸವ್ವ ನಿಂತಿದ್ದಾರೆ. ವಯಸ್ಸು ಅರವತ್ತೆರಡು. ರಾತ್ರಿ ನೆನೆಸಿಟ್ಟ ಸಣ್ಣ ಕಂದು ಕಾಯಿಗಳನ್ನು ಬೇಯಿಸಿ ಬಸಿದಿದ್ದಾರೆ. ಒಂದನ್ನು ಬೆರಳ ನಡುವೆ ಹಿಚುಕಿ, ಮೂಗಿನ ಹತ್ತಿರ ಹಿಡಿಯುತ್ತಾರೆ. ಬಾಯಿಗೆ ಹಾಕುವುದಿಲ್ಲ.

“ಈ ಮನ್ಯಾಗ ದೇವರಿಗೆ ಎಡಿ ತೋರಿಸೂತನಾ ಯಾರೂ ರುಚಿ ನೋಡೂದಿಲ್ರಿ, ಅಕ್ಕಾರ. ಮೂವತ್ತಮೂರು ವರ್ಷ ಆತು, ಉಪ್ಪು ಸೈತ ಮೂಗಿನಿಂದನ ನೋಡ್ತೀನಿ” ಎನ್ನುತ್ತಾರೆ.

ಉಪ್ಪಿಗೆ ವಾಸನೆ ಎಲ್ಲಿಯದು ಎಂದರೆ ನಗುತ್ತಾರೆ. “ಉಪ್ಪ ಕಮ್ಮಿ ಬಿದ್ರ ಪಲ್ಯೆ ಬೋಳ ವಾಸನಿ ಹೊಡೀತೈತ್ರಿ. ನಿಮಗ ತಿಳೀಲಿಕ್ಕಿಲ್ಲ. ನೀವು ಕಾಲೇಜ್ ಕಲ್ತಾವ್ರು.”

ಅನಸವ್ವ ನೇಕಾರರ ಮನೆಯ ಮಗಳು, ನೇಕಾರರ ಮನೆಯ ಸೊಸೆ. ಗಂಡ ಮಲಕಾಜಪ್ಪನ ಕೈಮಗ್ಗ ಮೂಲೆ ಸೇರಿದಾಗ, ಆ ಮಗ್ಗದ ಸೀರೆ ಕೊಳ್ಳುತ್ತಿದ್ದ ಮಾರವಾಡಿ ವ್ಯಾಪಾರಿಯ ಮನೆಗೇ ಅಡುಗೆಗೆ ಬಂದರು. ಗಂಡ ಈಗಿಲ್ಲ. ದಿನಕ್ಕೆ ಮೂರು ಮನೆಗಳ ಒಲೆ ಇವರ ಪಾಲಿಗಿದೆ: ನಲವತ್ತು ಸಜ್ಜಿ ರೊಟ್ಟಿ, ಅರವತ್ತು ಚಪಾತಿ, ಮಜ್ಜಿಗೆಯಲ್ಲಿ ಕುದಿಸಿದ ಕಡಲೆಹಿಟ್ಟಿನ ಗಟ್ಟೆ. ಹಸಿ ಕಾಯಿಪಲ್ಯ ಸಿಗದ ಮರಳು ನಾಡಿನ ಅಡುಗೆ. “ಸಜ್ಜಿ ರೊಟ್ಟಿ ನಮಗ ಹೊಸಾದೇನ್ರಿ? ನಮ್ದು ತೆಳ್ಳಗ, ಅವರದು ದಪ್ಪ. ಉಳಿದದ್ದೆಲ್ಲಾ ಬಾಯಾರು ಕಲಿಸ್ಯಾರ.”

ಬಾಯಾರೆಂದರೆ ಈ ಮನೆಯ ಹಿರಿಯರಾದ ಧಾಪೂಬಾಯಿ. ಜೋಧಪುರದ ಆಚೆಯ ಒಂದು ಹಳ್ಳಿಯಿಂದ ಹದಿನೇಳರ ಹರೆಯದಲ್ಲಿ ಮದುವೆಯಾಗಿ ಬಂದವರಿಗೆ ಈಗ ಎಂಬತ್ತೇಳು. ತವರಿನಿಂದ ತಂಗಿ ವರ್ಷಕ್ಕೊಮ್ಮೆ ಅರಿವೆಯ ಗಂಟಿನಲ್ಲಿ ಸಾಂಗ್ರಿ ಕಳಿಸುತ್ತಿದ್ದಳು. ಖೇಜಡಿ ಎಂಬ ಮರದ ಎಳೆಗಾಯಿಯನ್ನು ಬೇಯಿಸಿ ಒಣಗಿಸಿದ್ದೇ ಸಾಂಗ್ರಿ. ನಾಲ್ಕು ವರ್ಷದ ಹಿಂದೆ ತಂಗಿ ತೀರಿಕೊಂಡಳು, ಗಂಟು ನಿಂತಿತು. ಮಗ ಅಂಗಡಿಯ ಪೊಟ್ಟಣ ತರಿಸಿದ. ಧಾಪೂಬಾಯಿ ಒಂದು ತುತ್ತು ತಿಂದು ತಾಟು ಸರಿಸಿದರು. “ಇದನ್ನ ನಮ್ಮೂರಾಗ ಒಂಟಿಗೆ ಹಾಕ್ತಾರ. ಒಂಟೀನೂ ವಿಚಾರ ಮಾಡಿ ತಿಂತೈತಿ.” ಮಾತು ನಗೆಯದಾದರೂ ಊಟ ನಿಜಕ್ಕೂ ಇಳಿಯಿತು. ಈ ಚಳಿಗಾಲದಿಂದ ಅವರಿಗೆ ಲೋಟ ಹಾಲು, ಅರ್ಧ ರೊಟ್ಟಿ, ಅಷ್ಟೇ.

ಎರಡು ವರ್ಷದ ಹಿಂದೆ ಅನಸವ್ವ ಹತ್ತಿರದ ಹಳ್ಳಿ ಚಿಮ್ಮಡಕ್ಕೆ ಹೋಗಿದ್ದರು. ರೈತ ಲಗಮಣ್ಣನ ಬದುವಿನಲ್ಲಿ ಆಡುಗಳು ಮರದಡಿ ಉದುರಿದ ಸಪೂರ ಕಾಯಿ ಮೆಲ್ಲುತ್ತಿದ್ದವು. ಒಂದನ್ನು ಎತ್ತಿಕೊಂಡರು. “ಕಣ್ಣಿಗೆ ತಿಳೀಲಿಲ್ರಿ, ಕೈಗೆ ತಿಳೀತು. ಅಷ್ಟ ವರ್ಷ ನೆನಸಿ, ತೊಳದ ಕೈ.” ತಲೆಯೆತ್ತಿದರೆ ಬನ್ನಿ ಮರ; ಧಾಪೂಬಾಯಿಯವರ ಖೇಜಡಿ ನಮ್ಮ ಬನ್ನಿಯೇ. ದಸರೆಗೆ ನಾವು ಯಾವ ಎಲೆಯನ್ನು ಬಂಗಾರವೆಂದು ಕೈಯಿಂದ ಕೈಗೆ ಕೊಡುತ್ತೇವೋ ಅದೇ ಮರ. ಧಾಪೂಬಾಯಿ ಎಪ್ಪತ್ತು ದಸರೆ ಆ ಎಲೆಯನ್ನು ಕೈಯೊಡ್ಡಿ ತೆಗೆದುಕೊಂಡು ದೇವರ ಮುಂದೆ ಇಟ್ಟಿದ್ದಾರೆ. ಮರವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಉಡಿ ತುಂಬ ಆರಿಸಿದಾಗ ಲಗಮಣ್ಣ ಕೇಳಿದನಂತೆ: “ಏನಬೇ ಯಕ್ಕಾ, ಆಡಿನ ಮೇವಿನ್ಯಾಗೂ ಪಾಲ ಬೇಡಾಕ ಬಂದೀಯೇನು?” ಬನ್ನಿ ದೇವರ ಮರ, ಕಾಯಿ ಬೇಯಿಸಿ ತಿನ್ನಬಹುದೇ ಎಂದು ಊರ ಹೆಂಗಸರು ಅಂದದ್ದೂ ಉಂಟು. ಅನಸವ್ವ ಬಿಡಲಿಲ್ಲ. “ಎಲಿ ಬಂಗಾರ ಅಂದ್ರ ಕಾಯಿ ಏನ ಪಾಪ ಮಾಡೇತ್ರಿ?”

ಆದರೆ ಆ ಸಲ ಕಾಯಿ ಬಲಿತಿತ್ತು, ನಾರು ನಾರಾಯಿತು. ಮರುವರ್ಷ ಎಳೆಯದನ್ನೇ ಕಿತ್ತರೂ ಸುಡುಬಿಸಿಲಿಗೆ ಹಾಕಿ ಕಹಿ ಮಾಡಿಕೊಂಡರು. ಎರಡು ಸಲವೂ ಧಾಪೂಬಾಯಿ ತಾಟು ಸರಿಸಿದರು.

ಈ ವರ್ಷ ಯುಗಾದಿಗೆ ಮೊದಲೇ ಹೋಗಿದ್ದಾರೆ. ಹದಿನೈದು ದಿನ ಮಾತ್ರ ಕಾಯಿ ಎಳೆಯದಾಗಿರುತ್ತದೆ. ಬೆಳಗಿನ ಮೊದಲ ಆಟೊ ಹಿಡಿದು, ಚಪ್ಪಲಿ ಬಿಟ್ಟು ಬುಡಕ್ಕೆ ಕೈಮುಗಿದು, ಮುಳ್ಳಿನ ಟೊಂಗೆಯಿಂದ ಒಂದೊಂದೇ ಬಿಡಿಸಿದ್ದಾರೆ. ನಾಲ್ಕು ಸೇರು ಹಸಿ ಕಾಯಿ ಬೇಯಿಸಿ ನೆರಳಲ್ಲಿ ಒಣಗಿಸಿದರೆ ಒಂದು ಸೇರು. ಲಗಮಣ್ಣ ಆ ಹದಿನೈದು ದಿನ ಆಡುಗಳನ್ನು ಬೇರೆ ಬದುವಿಗೆ ಹೊಡೆದಿದ್ದಾನೆ. ಎರಡನೆಯ ದಿನ ಹೋದಾಗ ಮರಕ್ಕೆ ಆತು ಒಂದು ಕೊಕ್ಕೆಗೋಲು ನಿಂತಿತ್ತು. ಅದನ್ನು ಇಟ್ಟವನು ತಾನೆಂದು ಅವನು ಇವತ್ತಿಗೂ ಹೇಳಿಲ್ಲ.

“ಹೆಂಗ ಇರ್ಬೇಕು ಅಂತ ನನಗರ ಏನ್ ಗೊತ್ರಿ? ಬರ್ತಿದ್ದುದ ಒಂದ ಗಂಟು. ಮನಿ ಮಂದಿಗೇ ಸಾಲತಿದ್ದಿಲ್ಲ. ನಾ ಒಮ್ಮಿನೂ ತಿಂದಿಲ್ಲ” ಎನ್ನುತ್ತಾ ಅನಸವ್ವ ಒಗ್ಗರಣೆಗೆ ಒಣಮೆಣಸಿನಕಾಯಿ ಮುರಿಯುತ್ತಾರೆ. “ನಂದೇನ ದೊಡ್ಡ ಆಸೆ ಇಲ್ಲ. ‘ಹೌದು, ಇದ ನಮ್ಮೂರಂದ’ ಅಂತ ಬಾಯಾರು ಒಮ್ಮಿ ಅಂದ್ರ ಸಾಕ್ರಿ.”

ಎಂಟು ಗಂಟೆಗೆ ದೇವರ ಎಡೆ ಮುಗಿಯುತ್ತದೆ. ಸೊಸೆ ತಾಟನ್ನು ಧಾಪೂಬಾಯಿಯವರ ಮಂಚಕ್ಕೆ ಒಯ್ಯುತ್ತಾರೆ: ಒಂದು ದಪ್ಪ ಸಜ್ಜಿ ರೊಟ್ಟಿ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಸಾಂಗ್ರಿ. ಅನಸವ್ವ ಬಾಗಿಲಲ್ಲೇ ನಿಂತು ಸೆರಗಿನ ಚುಂಗು ತಿರುವುತ್ತಿದ್ದಾರೆ.

ಧಾಪೂಬಾಯಿ ಒಂದು ತುತ್ತು ತಿನ್ನುತ್ತಾರೆ. ಬಹಳ ಹೊತ್ತು ಅಗಿಯುತ್ತಾರೆ. ಎರಡನೆಯದು. ಮೂರನೆಯದಕ್ಕೆ ಕೈ ಹೋದದ್ದು ಅಲ್ಲೇ ನಿಲ್ಲುತ್ತದೆ.

“ಇನ್ನೊಂದ ತಾಟ ತಾ” ಎಂದು ಸೊಸೆಗೆ ಹೇಳುತ್ತಾರೆ.

ತಾಟು ಬರುತ್ತದೆ. ತಾವು ಮುಟ್ಟದ ಕಡೆಯಿಂದ ರೊಟ್ಟಿಯನ್ನು ಅರ್ಧ ಮುರಿದು ಅದರಲ್ಲಿಡುತ್ತಾರೆ. ಸಾಂಗ್ರಿಯನ್ನು ಚಮಚದಿಂದ ಸರಿಯಾಗಿ ಅರ್ಧ ಮಾಡುತ್ತಾರೆ. ತುಪ್ಪ ಹೆಚ್ಚಿದ್ದ ಅರ್ಧ ಆ ತಾಟಿಗೇ ಹೋಗಿದೆ. ಅದನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲ ಕಡೆಗೆ ಚಾಚುತ್ತಾರೆ. ಅನಸವ್ವ ಬನ್ನಿಯ ಮುಳ್ಳು ಗೀರಿದ ಕೈಗಳಿಂದ ಅದನ್ನು ಇಸಿದುಕೊಳ್ಳುತ್ತಾರೆ.